ಫೋರ್ಡ್ ಯಾಕೆ ಹೋಯಿತು? ‘ನಷ್ಟ’ ಎನ್ನುವುದು ಅರ್ಧ ಉತ್ತರ ಮಾತ್ರ

ನಿಮ್ಮ ಪ್ರಶ್ನೆ: ಬಹುರಾಷ್ಟ್ರೀಯ ಕಂಪನಿಗಳು ಹೊರದೇಶದ ಮಾರುಕಟ್ಟೆಯಿಂದ ಕಾಲು ಕೀಳುವುದು ಯಾಕೆ? ಅಮೆರಿಕದ ಕಾರು ಕಂಪನಿ ಫೋರ್ಡ್ 25 ವರ್ಷ ಭಾರತದಲ್ಲಿದ್ದು ಹೋಯಿತು. ನಷ್ಟವೇ ಕಾರಣ ಎನ್ನುವುದಾದರೆ ಅಷ್ಟು ವರ್ಷ ಇದ್ದದ್ದಾದರೂ ಯಾಕೆ?

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ನಷ್ಟವಾದ ಕೂಡಲೇ ಯಾವ ಕಂಪನಿಯೂ ಗಂಟುಮೂಟೆ ಕಟ್ಟುವುದಿಲ್ಲ. 2021ರ ಸೆಪ್ಟೆಂಬರ್ 9ರಂದು, ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸುವಾಗ, ಫೋರ್ಡ್ ತಾನೇ ಕೊಟ್ಟ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 200 ಕೋಟಿ ಡಾಲರಿಗೂ ಮೀರಿದ ನಷ್ಟವಿತ್ತು. ಅದರ ಮೇಲೆ 2019ರಲ್ಲಿ ಲೆಕ್ಕದ ಪುಸ್ತಕದಲ್ಲಿ ಆಸ್ತಿಯ ಮೌಲ್ಯವನ್ನು 80 ಕೋಟಿ ಡಾಲರ್ ಇಳಿಸಿದ್ದರು. ಆ ಹತ್ತೂ ವರ್ಷ ಕಾರು ಬರುತ್ತಲೇ ಇತ್ತು. ಕಾರ್ಖಾನೆಗೆ ಸುರಿದದ್ದು ಹೋದ ದುಡ್ಡು. ಬಾಗಿಲು ಹಾಕಿದರೂ ಅದು ವಾಪಸು ಬರುವುದಿಲ್ಲ. ಬಿಡಿಭಾಗ, ಸಂಬಳ, ಸಾಗಣೆ ಕಳೆದು ಕಾರಿಗೆ ನಾಲ್ಕು ಕಾಸು ಉಳಿಯುವತನಕ ಕಾರ್ಖಾನೆ ಓಡಿಸುವುದೇ ಮೇಲು. ಹೋಗುವ ಮಾತು ಹುಟ್ಟುವುದು ಮತ್ತೊಮ್ಮೆ ದೊಡ್ಡ ಮೊತ್ತ ಹಾಕಬೇಕಾದಾಗ: ಹಳೆಯ ಮಾದರಿಗೆ ವಯಸ್ಸಾದಾಗ, ಹೊಸ ಹೊಗೆ ನಿಯಮ ಬಂದಾಗ, ಕಟ್ಟಡದ ಗುತ್ತಿಗೆ ಮುಗಿದಾಗ. ಆಗ ಕೇಂದ್ರ ಕಚೇರಿಯ ಹಣಕಾಸಿನವರು ಹಿಂದಿನ ನಷ್ಟವನ್ನು ಕೆದಕುವುದಿಲ್ಲ. ಇದೇ ದುಡ್ಡನ್ನು ಬೇರೆ ದೇಶದಲ್ಲಿ ಹಾಕಿದರೆ ಎಷ್ಟು ಬಂದೀತು ಎಂದಷ್ಟೇ ಕೇಳುತ್ತಾರೆ.

ಕೈಲೆಕ್ಕ ಒಂದು ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಯಾವ ಕಂಪನಿಯವೂ ಅಲ್ಲ. ಹೊಸ ಮಾದರಿಗೆ ಅಚ್ಚು, ಪರೀಕ್ಷೆ, ಎಂಜಿನ್ ಕೆಲಸ ಎಲ್ಲ ಸೇರಿ 1,500 ಕೋಟಿ ರೂಪಾಯಿ. ಮಾದರಿಯ ಆಯುಷ್ಯ 6 ವರ್ಷ. ಕಾರಿಗೆ ಉಳಿಯುವುದು 40 ಸಾವಿರ. ಬಡ್ಡಿ ಬಿಟ್ಟರೆ ವರ್ಷಕ್ಕೆ 62,500 ಕಾರು ಮಾರಿದರೆ ಅಸಲು ಬಂತು. ಆದರೆ ಮಾತೃಸಂಸ್ಥೆ ಬರೀ ಅಸಲಿಗೆ ಒಪ್ಪುವುದಿಲ್ಲ. ಬಂಡವಾಳದ ವೆಚ್ಚ, ರೂಪಾಯಿ ಇಳಿಯುವ ಭಯ, ದೇಶದ ಅಪಾಯ ಎಲ್ಲ ಸೇರಿಸಿ ಶೇ. 14 ಪ್ರತಿಫಲ ಕೇಳಿತು ಅನ್ನಿ. ಆಗ ವರ್ಷಕ್ಕೆ ಸುಮಾರು 386 ಕೋಟಿ ಉಳಿಯಬೇಕು, ಅಂದರೆ 96 ಸಾವಿರ ಕಾರು, ತಿಂಗಳಿಗೆ 8 ಸಾವಿರ. ಅದೂ ಒಂದೇ ಮಾದರಿಯದು. ಫೋರ್ಡ್ ಕೊನೆಯ ಪೂರ್ಣ ಹಣಕಾಸು ವರ್ಷದಲ್ಲಿ ಇಲ್ಲಿ ಮಾರಿದ ಎಲ್ಲ ಮಾದರಿಗಳನ್ನು ಕೂಡಿಸಿದರೂ ವರ್ಷಕ್ಕೆ 50 ಸಾವಿರದ ಆಸುಪಾಸು. ಚೆನ್ನೈ ಮತ್ತು ಗುಜರಾತಿನ ಸಾನಂದ್ ಕಾರ್ಖಾನೆಗಳ ಸಾಮರ್ಥ್ಯವೋ 4 ಲಕ್ಷದ ಮೇಲೆ.

ಆ ಕಾರ್ಖಾನೆಗಳನ್ನು ಅಷ್ಟು ದೊಡ್ಡದಾಗಿ ಕಟ್ಟಿದ್ದೇ ಮೊದಲ ತಪ್ಪು ಎನ್ನುವುದು ನನ್ನ ಅಭಿಪ್ರಾಯ. 2010ರಲ್ಲಿ ಬಂದ ಫಿಗೋ ಎಂಬ ಸಣ್ಣ ಕಾರು ಗೆದ್ದ ಹುಮ್ಮಸ್ಸಿನಲ್ಲಿ 2011ರಲ್ಲಿ ಸಾನಂದ್ ಘೋಷಣೆಯಾಯಿತು, 2015ಕ್ಕೆ 100 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ ನಿಂತಿತು. ಆದರೆ ಇಲ್ಲಿನ ಆಟದ ನಿಯಮವೇ ಬೇರೆ.

ನಿಯಮ ಎಂದರೆ ಅಕ್ಷರಶಃ ನಿಯಮವೇ. ಉದ್ದ 4 ಮೀಟರಿನ ಒಳಗೆ, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ 1,500 ಸಿಸಿ ಒಳಗಿದ್ದರೆ ‘ಸಣ್ಣ ಕಾರು’. ಜಿಎಸ್‌ಟಿ ಬಂದ ಮೇಲೆ ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ. 29, ಡೀಸೆಲ್ಲಿಗೆ ಶೇ. 31, ಗೆರೆ ದಾಟಿದರೆ ಶೇ. 45ರಿಂದ 50. (2025ರ ಸೆಪ್ಟೆಂಬರಿನಿಂದ ದರ ಬದಲಾಗಿ 18 ಮತ್ತು 40 ಆಗಿದೆ, ಗೆರೆ ಮಾತ್ರ ಅಲ್ಲೇ ಇದೆ.) ಫೋರ್ಡ್‌ನ ಇಕೋಸ್ಪೋರ್ಟ್ ಕಾರಿನ ಭಾರತದ ಅವತಾರ 4 ಮೀಟರಿಗೆ ಒಂದೆರಡು ಮಿಲಿಮೀಟರ್ ಕಡಿಮೆ ಇದ್ದದ್ದು ಕಾಕತಾಳೀಯವಲ್ಲ, ಬೇರೆ ದೇಶಗಳಲ್ಲಿ ಅದೇ ಕಾರು ಇನ್ನೂ ಉದ್ದ. ಹೀಗೆ ಗೆರೆಗೆ ಕತ್ತರಿಸಿದ ಕಾರು ಭಾರತದ ಹೊರಗೆ ಅಷ್ಟಾಗಿ ಬೇಕಿಲ್ಲ. ಜಗತ್ತಿಗೆಲ್ಲ ಒಂದೇ ವಿನ್ಯಾಸ ಮಾಡಿ ಖರ್ಚು ಹಂಚಿಕೊಳ್ಳುವುದು ಫೋರ್ಡ್‌ನ ಬಲ, ಇಲ್ಲಿ ಆ ಬಲವೇ ಕೆಲಸಕ್ಕೆ ಬರಲಿಲ್ಲ. ಮಾರುತಿ, ಹ್ಯುಂಡೈಗಳಿಗೆ ಭಾರತವೇ ದೊಡ್ಡ ಅಂಗಳ, ಅವರು ಇಲ್ಲಿನ ಅಳತೆಗೇ ಕಾರು ಹೊಲಿಸಬಲ್ಲರು. 2013ರಲ್ಲಿ ಇಕೋಸ್ಪೋರ್ಟ್‌ಗೆ ಎದುರಾಳಿಗಳೇ ಇರಲಿಲ್ಲ ಅನ್ನಬಹುದು. 2016ರಲ್ಲಿ ಬ್ರೆಜ್ಜಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ ಬಂದವು. ಇಕೋಸ್ಪೋರ್ಟ್ ಮುಖಕ್ಕೆ ಬಣ್ಣ ಬಳಿದುಕೊಂಡು ಅಲ್ಲೇ ನಿಂತಿತ್ತು.

2020ರ ಏಪ್ರಿಲ್ 1ಕ್ಕೆ ಹೊಗೆ ನಿಯಮದಲ್ಲಿ ಬಿಎಸ್ 4ರಿಂದ ನೇರ ಬಿಎಸ್ 6ಕ್ಕೆ ಜಿಗಿಯಬೇಕಾಯಿತು, ಅದಕ್ಕೂ ದುಡ್ಡು. ದುಡ್ಡಿನ ಹೊರೆ ಹಂಚಿಕೊಳ್ಳಲೆಂದೇ 2019ರ ಅಕ್ಟೋಬರಿನಲ್ಲಿ ಮಹೀಂದ್ರಾ ಜೊತೆ ಪಾಲುದಾರಿಕೆ ಘೋಷಿಸಿದ್ದರು, ಅದರಲ್ಲಿ ಮಹೀಂದ್ರಾ ಪಾಲು ಶೇ. 51. 2020ರ ಡಿಸೆಂಬರ್ 31ಕ್ಕೆ ಅದು ಮುರಿದುಬಿತ್ತು. ಫೋರ್ಡ್ ಹೋಗುತ್ತದೆಂದು ಖಚಿತವಾದದ್ದು ಆ ದಿನವೇ; ಒಂಬತ್ತು ತಿಂಗಳ ನಂತರದ ಘೋಷಣೆ ಬರೀ ಶಾಸ್ತ್ರಕ್ಕೆ. ಒಬ್ಬನೇ ಹೊಸ ಮಾದರಿಗೆ ದುಡ್ಡು ಹಾಕಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದ ಹಾಗಾಗುತ್ತಿತ್ತು.

ಇದು ಇಪ್ಪತ್ತೈದು ವರ್ಷ ಕುದಿದು ಆರಿದ ಕಥೆ. ಎರಡೇ ವರ್ಷದಲ್ಲಿ ಮುಗಿದದ್ದೂ ಇದೆ: ಅಮೆರಿಕದ ಟಾರ್ಗೆಟ್ ಅಂಗಡಿಗಳು ಕೆನಡಾದಲ್ಲಿ. 2011ರಲ್ಲಿ ಝೆಲ್ಲರ್ಸ್ ಎಂಬ ಹಳೆಯ ಅಂಗಡಿ ಸರಣಿಯ ಗುತ್ತಿಗೆಗಳನ್ನು 182.5 ಕೋಟಿ ಕೆನಡಾ ಡಾಲರಿಗೆ ಕೊಂಡರು, 220ರ ತನಕ ಮಳಿಗೆಗಳಿಗೆ. ಕೊಂಡ ಮೇಲೆ ಖಾಲಿ ಬಿಡುವಂತಿಲ್ಲ, ಬಾಡಿಗೆ ಓಡುತ್ತಿರುತ್ತದೆ. ಹಾಗಾಗಿ 2013ರ ಮಾರ್ಚಿನಲ್ಲಿ ಮೊದಲ ಮಳಿಗೆ ತೆರೆದವರು ವರ್ಷ ಮುಗಿಯುವುದರೊಳಗೆ 124 ತೆರೆದರು. ಹತ್ತು ಮಳಿಗೆಯಲ್ಲಿ ಎಡವಿ ಕಲಿಯಬೇಕಾದದ್ದನ್ನು ನೂರಿಪ್ಪತ್ತರಲ್ಲಿ ಒಟ್ಟಿಗೆ ಎಡವಿದರು.

ಎಡವಿದ ಜಾಗ ನೋಡಿದರೆ ನಗು ಬರಬೇಕು. ಅಮೆರಿಕದ ತಂತ್ರಾಂಶ ಕೆನಡಾ ಡಾಲರಿಗೂ ಫ್ರೆಂಚ್ ಅಕ್ಷರಕ್ಕೂ ಹೊಂದದೆಂದು ಹೊಸದಾಗಿ ಸ್ಯಾಪ್ ಎಂಬ ತಂತ್ರಾಂಶ ತಂದರು. ಹತ್ತಾರು ಸಾವಿರ ಸರಕುಗಳ ವಿವರವನ್ನು ಅನುಭವವಿಲ್ಲದ ಹುಡುಗ ಹುಡುಗಿಯರು ಗಡುವಿನೊಳಗೆ ತುಂಬಬೇಕಾಯಿತು. ಸೆಂಟಿಮೀಟರ್ ಇರಬೇಕಾದ ಕಡೆ ಇಂಚು, ಉದ್ದದ ಜಾಗದಲ್ಲಿ ಅಗಲ. ಪೆಟ್ಟಿಗೆಯ ಅಳತೆ ತಪ್ಪಿದರೆ ಲಾರಿಯಲ್ಲಿ ಎಷ್ಟು ಹಿಡಿಯುತ್ತದೆಂಬ ಲೆಕ್ಕ ತಪ್ಪುತ್ತದೆ, ಕಪಾಟಿನಲ್ಲಿ ಎಷ್ಟು ಕೂರುತ್ತದೆಂಬುದೂ ತಪ್ಪುತ್ತದೆ. ಒಂದು ಪೆಟ್ಟಿಗೆಗೆ ಎಷ್ಟು ನಗ ಎಂಬುದು ತಪ್ಪಿದರೆ ಮುಂದಿನ ಆರ್ಡರೇ ತಪ್ಪು. ಗೋದಾಮು ತುಂಬಿ ತುಳುಕುತ್ತಿತ್ತು, ಮಳಿಗೆಯ ಕಪಾಟು ಬಣಗುಡುತ್ತಿತ್ತು, ಎರಡೂ ಒಂದೇ ಹೊತ್ತಿಗೆ. ಅಮೆರಿಕದಲ್ಲಿ ಶೇ. 98-99ರಷ್ಟು ಸರಿ ಇರುತ್ತಿದ್ದ ಸರಕಿನ ವಿವರ ಕೆನಡಾದಲ್ಲಿ ಶೇ. 30ರ ಸುತ್ತ ಇತ್ತೆಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಗಡಿಯಾಚೆ ಹೋಗಿ ಅದೇ ಟಾರ್ಗೆಟ್‌ನಲ್ಲಿ ಕೊಂಡು ಬರುತ್ತಿದ್ದ ಗಿರಾಕಿಗೆ ಕೆನಡಾದ ಬೆಲೆ ಹೆಚ್ಚೆಂದು ಬೇರೆ ಗೊತ್ತಿತ್ತು.

2014ರಲ್ಲಿ ಬಂದ ಹೊಸ ಮುಖ್ಯಸ್ಥ ಬ್ರಯಾನ್ ಕಾರ್ನೆಲ್ ಕೆಲವೇ ತಿಂಗಳಲ್ಲಿ ಲೆಕ್ಕ ತೆಗೆಸಿದರು: ಎಷ್ಟೇ ಸುಧಾರಿಸಿದರೂ 2021ಕ್ಕೆ ಮೊದಲು ಲಾಭ ಕಾಣುವುದಿಲ್ಲ. 2015ರ ಜನವರಿ 15ರಂದು 133 ಮಳಿಗೆಗಳನ್ನೂ ಮುಚ್ಚುವ ಘೋಷಣೆ ಬಂತು, 17,600 ಜನರ ಕೆಲಸ ಹೋಯಿತು. ಇಲ್ಲೂ ಹಿಂದಿನ ನಷ್ಟ ಮುಖ್ಯವಾಗಲಿಲ್ಲ, ಮುಂದಿನ ಆರು ವರ್ಷದ್ದು ಮುಖ್ಯವಾಯಿತು. ಇನ್ನೊಂದು ಗಮನಿಸಿ: ಹೋಗುವ ತೀರ್ಮಾನ ಬಹಳ ಸಲ ಮುಖ್ಯಸ್ಥ ಬದಲಾದ ಮೇಲೆಯೇ ಬರುತ್ತದೆ. ಒಳಹೋಗಲು ಸಹಿ ಹಾಕಿದವನಿಗೆ ಹೊರಬರಲು ಸಹಿ ಹಾಕುವುದು ಕಷ್ಟ.

ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ 85 ಮಳಿಗೆಗಳನ್ನು ಮೆಟ್ರೊ ಎಂಬ ಅಲ್ಲಿನ ಕಂಪನಿಗೆ ಮಾರಿ ಬಂದದ್ದು ಇನ್ನೊಂದು ಬಗೆ. ಬಾಗಿಲಲ್ಲಿ ನಿಂತು ನಗುವ ಸಿಬ್ಬಂದಿಯನ್ನು ಜರ್ಮನ್ನರು ಇಷ್ಟಪಡಲಿಲ್ಲ ಎಂಬ ಕಥೆಯನ್ನೇ ಎಲ್ಲರೂ ಹೇಳುತ್ತಾರೆ, ನನಗೆ ಅದು ಉಪ್ಪಿನಕಾಯಿ ಮಾತ್ರ. ಊಟ ಬೇರೆ ಇದೆ: ಆಲ್ಡಿ, ಲಿಡ್ಲ್ ಎಂಬ ಅಲ್ಲಿನ ಅಂಗಡಿ ಸರಣಿಗಳು ಆಗಲೇ ಬೆಲೆಯನ್ನು ತಳಕ್ಕೆ ಇಳಿಸಿದ್ದವು, ಹಾಲು ಸಕ್ಕರೆಯಂಥವನ್ನು ಖರೀದಿ ಬೆಲೆಗಿಂತ ಕೆಳಗೆ ಮಾರಬೇಡಿ ಎಂದು 2000ದಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಆದೇಶಿಸಿತು. ಅಗ್ಗ ಮಾರುವುದೇ ಗೊತ್ತಿದ್ದವನಿಗೆ ಅದಕ್ಕಿಂತ ಅಗ್ಗ ಮಾರುವವನು ಎದುರಿಗೆ ಸಿಕ್ಕ.

ವ್ಯಾಪಾರ ಚೆನ್ನಾಗಿದ್ದೂ ಹೋಗುವವರಿದ್ದಾರೆ. ಸಿಟಿಬ್ಯಾಂಕ್ 2021ರಲ್ಲಿ ಒಂದೇ ಏಟಿಗೆ 13 ದೇಶಗಳ ಚಿಲ್ಲರೆ ಬ್ಯಾಂಕಿಂಗ್ ಬಿಡುವುದಾಗಿ ಹೇಳಿತು, ಭಾರತದ್ದು 2023ರ ಮಾರ್ಚ್ 1ಕ್ಕೆ ಆಕ್ಸಿಸ್ ಕೈಸೇರಿತು. ಸ್ವಿಟ್ಜರ್ಲೆಂಡಿನ ಸಿಮೆಂಟ್ ಕಂಪನಿ ಹೋಲ್ಸಿಮ್ 2022ರಲ್ಲಿ ಅಂಬುಜಾ, ಎಸಿಸಿಗಳನ್ನು ಅದಾನಿಗೆ ಮಾರಿತು. ಸಿಮೆಂಟಿನ ಭಾರ ಇಳಿಸಿ ಬೇರೆ ಕಟ್ಟಡ ಸಾಮಗ್ರಿಯತ್ತ ಹೊರಳಬೇಕಿತ್ತು. ಇಂಥವನ್ನು ಕಂಡು ‘ಭಾರತ ಸೋತಿತು’ ಎನ್ನುವುದು ಅವಸರದ ಮಾತು.

ಸರ್ಕಾರದ ನೀತಿಯೂ ಹೊರಗಟ್ಟುತ್ತದೆ. ವಿದೇಶಿ ವಿನಿಮಯ ನಿಯಂತ್ರಿಸುವ 1973ರ ಫೆರಾ ಕಾಯ್ದೆ ವಿದೇಶಿ ಪಾಲನ್ನು ಶೇ. 40ಕ್ಕೆ ಇಳಿಸಲು ಹೇಳಿದಾಗ ಕೋಕಾ-ಕೋಲಾ 1977ರಲ್ಲಿ ಹೊರಟಿತು, 1993ರಲ್ಲಿ ಮರಳಿತು. ರಷ್ಯಾದಲ್ಲಂತೂ 2022ರ ನಂತರ ಹೋಗುವುದಕ್ಕೇ ಸುಂಕ: ಮೌಲ್ಯದ ಅರ್ಧ ಬೆಲೆಗೆ ಮಾರಬೇಕು, ಮೇಲೆ ಸರ್ಕಾರದ ಬೊಕ್ಕಸಕ್ಕೆ ಕಾಣಿಕೆ. ಅದು ಶೇ. 10ರಿಂದ 15ಕ್ಕೆ ಏರಿ 2024ರಲ್ಲಿ 35 ಆಯಿತು, ಅಷ್ಟೊತ್ತಿಗೆ ರಿಯಾಯಿತಿಯೂ ಶೇ. 60.

ಹಣದ ಮೌಲ್ಯದ ವಿಷಯದಲ್ಲಿ ಸುದ್ದಿ ಓದುವಾಗ ಎಚ್ಚರ ಬೇಕು. 2023ರ ಡಿಸೆಂಬರಿನಲ್ಲಿ ಮನೆಬಳಕೆ ವಸ್ತುಗಳ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ನೈಜೀರಿಯಾದಲ್ಲಿ ತಯಾರಿಕೆ ನಿಲ್ಲಿಸಿ ಆಮದು ಮಾತ್ರ ಮಾಡುವುದಾಗಿ ಹೇಳಿತು, ಅರ್ಜೆಂಟೀನಾದಲ್ಲೂ ಪುನರ್‌ರಚನೆ. ಒಟ್ಟು ವೆಚ್ಚ 100ರಿಂದ 150 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನದು ನಗದಾಗಿ ಕೈಬಿಡುವ ದುಡ್ಡಲ್ಲ. ಸ್ಥಳೀಯ ಹಣ ಇಳಿದಂತೆಲ್ಲ ಆ ನಷ್ಟ ಲಾಭ-ನಷ್ಟದ ಪಟ್ಟಿಗೆ ಬಾರದೆ ಬಂಡವಾಳದ ಖಾತೆಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಘಟಕ ಮಾರಿದ ಅಥವಾ ಮುಚ್ಚಿದ ದಿನ ಅಷ್ಟೂ ಒಮ್ಮೆಗೇ ಪಟ್ಟಿಗೆ ಬಂದು ಬೀಳುತ್ತದೆ. ಈ ಒಂದು ಕಾರಣಕ್ಕೆ ನಿರ್ಧಾರವನ್ನು ಮುಂದೂಡುತ್ತಾ ಬರುವವರೂ ಇದ್ದಾರೆ.

ಹೊರಡುವ ಕೆಲಸವೂ ಸುಲಭವಲ್ಲ. ಫೋರ್ಡ್ ಹೋಗುವಾಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು 90 ದಿನ ಮೊದಲು ಸರ್ಕಾರಕ್ಕೆ ಅರ್ಜಿ ಹಾಕಬೇಕಿತ್ತು. 60 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ. ಪರಿಹಾರ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಇದು ಕಾಗದದ ಮಾತು. ಚೆನ್ನೈಯಲ್ಲಿ ಫೋರ್ಡ್ ಒಂದು ಹಂತದಲ್ಲಿ ವರ್ಷಕ್ಕೆ 115 ದಿನದ ಸಂಬಳ ಕೊಡುತ್ತೇನೆಂದರೂ ಕಾರ್ಮಿಕರು ಒಪ್ಪಿರಲಿಲ್ಲ. ಹಾಗಾಗಿ ಜಾಣರು ಮುಚ್ಚುವುದಿಲ್ಲ, ಓಡುವ ಕಾರ್ಖಾನೆಯಾಗಿಯೇ ಮಾರುತ್ತಾರೆ. ಸಾನಂದ್ ಅನ್ನು ಟಾಟಾ 725.7 ಕೋಟಿಗೆ ಕೊಂಡಾಗ ಜಮೀನು, ಯಂತ್ರಗಳ ಜೊತೆ ಅರ್ಹ ನೌಕರರೂ ವರ್ಗವಾದರು.

ಕೊಳ್ಳುವವನು ಸಿಕ್ಕಿಬಿಟ್ಟರೆ ಸಾಕೆಂದೂ ಅಲ್ಲ. ಜನರಲ್ ಮೋಟರ್ಸ್ ಮಹಾರಾಷ್ಟ್ರದ ತನ್ನ ತಳೇಗಾಂವ್ ಕಾರ್ಖಾನೆಯನ್ನು ಗ್ರೇಟ್ ವಾಲ್ ಎಂಬ ಚೀನಾದ ಕಾರು ಕಂಪನಿಗೆ ಮಾರಲು 2020ರ ಜನವರಿಯಲ್ಲಿ ಒಪ್ಪಿತ್ತು. ಏಪ್ರಿಲಿನಲ್ಲಿ ನೆರೆಯ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಅನುಮತಿ ಬರಲೇ ಇಲ್ಲ, 2022ರ ಜೂನ್‌ನಲ್ಲಿ ಒಪ್ಪಂದ ಸತ್ತಿತು. ಕೊನೆಗೆ ಹ್ಯುಂಡೈ ಸಹಿ ಹಾಕಿದ್ದು 2023ರ ಆಗಸ್ಟ್‌ನಲ್ಲಿ. ಉತ್ಪಾದನೆ ನಿಂತದ್ದು 2020ರ ಡಿಸೆಂಬರಿನಲ್ಲಿ; ನಡುವಿನ ಅಷ್ಟೂ ಕಾಲ ಕಾವಲು, ತೆರಿಗೆ, ಕಾರ್ಮಿಕರ ವ್ಯಾಜ್ಯ.

ನಿಜವಾಗಿ ಏಟು ತಿನ್ನುವವರು ಡೀಲರ್‌ಗಳು. ಫೋರ್ಡ್ ಹೊರಟಾಗ 170 ಡೀಲರ್‌ಗಳು, 391 ಮಳಿಗೆ, ಸುಮಾರು 2,000 ಕೋಟಿ ಹೂಡಿಕೆ ಎಂದು ಡೀಲರ್‌ಗಳ ಒಕ್ಕೂಟವೇ ಲೆಕ್ಕ ಕೊಟ್ಟಿತ್ತು. ಅವರ ಒಪ್ಪಂದಗಳಲ್ಲಿ ಕಂಪನಿ ಹೋದರೆ ಏನು ಎಂಬ ಕಲಮು ಸಾಮಾನ್ಯವಾಗಿ ತೆಳು. ವಿದೇಶಿ ಬ್ರ್ಯಾಂಡಿನ ಏಜೆನ್ಸಿ ಹಿಡಿಯುವ ಯೋಚನೆ ನಿಮಗಿದ್ದರೆ, ಉಳಿದ ದಾಸ್ತಾನು ವಾಪಸು ಪಡೆಯುವ ಬೆಲೆ, ಕಟ್ಟಡಕ್ಕೆ ಹಾಕಿದ ದುಡ್ಡಿನ ಪರಿಹಾರ, ಬಿಡಿಭಾಗ ಎಷ್ಟು ವರ್ಷ, ಈ ಮೂರನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ. ಮೂರು ನಾಲ್ಕು ವರ್ಷ ಹೊಸ ಮಾದರಿ ಬಾರದಿದ್ದರೆ, ಆಸ್ತಿ ಮೌಲ್ಯ ಇಳಿಸಿದ ಸುದ್ದಿ ಬಂದರೆ, ಪಾಲುದಾರನ ಹುಡುಕಾಟ ಶುರುವಾದರೆ ದಾಸ್ತಾನು ಕಡಿಮೆ ಮಾಡುತ್ತಾ ಬನ್ನಿ.

ಇನ್ನೊಂದು ಮಾತು, ‘ಹೋಯಿತು’ ಎಂಬ ಪದದ ಬಗ್ಗೆ. ಕೆನಡಾ ಬಿಟ್ಟ ಟಾರ್ಗೆಟ್‌ನ ದೊಡ್ಡ ಕಚೇರಿ ಬೆಂಗಳೂರಿನಲ್ಲಿದೆ, ಇಲ್ಲಿ ಅದರ ಒಂದು ಅಂಗಡಿಯೂ ಇಲ್ಲ. ಹಾರ್ಲೆ-ಡೇವಿಡ್‌ಸನ್ 2020ರಲ್ಲಿ ತನ್ನ ಹರಿಯಾಣದ ಘಟಕ ಮುಚ್ಚಿ ಮಾರಾಟವನ್ನು ಹೀರೋಗೆ ವಹಿಸಿತು, ಬೈಕು ಈಗಲೂ ಸಿಗುತ್ತದೆ. ಫೋರ್ಡ್ ಕಾರು ನಿಲ್ಲಿಸಿದ ದಿನವೂ ಅದರ ಕಚೇರಿ ಸೇವೆಗಳ ವಿಭಾಗದಲ್ಲಿ 11 ಸಾವಿರ ಜನ ದೇಶದಲ್ಲಿದ್ದರು. ಚೆನ್ನೈ ಕಾರ್ಖಾನೆಯನ್ನೂ ಅದು ಮಾರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಳಸುವುದಾಗಿ ತಮಿಳುನಾಡು ಸರ್ಕಾರಕ್ಕೆ ಪತ್ರ ಕೊಟ್ಟಿತು, ರಫ್ತಿಗೆ ಮಾತ್ರ.