ಕ್ಯಾಮ್ರಿ ಹೈಬ್ರಿಡ್ ಬ್ಯಾಟರಿ ಮನೆಯಲ್ಲಿ ರಿಪೇರಿ: ಬಿಚ್ಚುವ ಮುಂಚೆ ಇದನ್ನು ಓದಿ

ನಿಮ್ಮದು 2014ರ ಟೊಯೋಟಾ ಕ್ಯಾಮ್ರಿ ಹೈಬ್ರಿಡ್, ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿ ಅಂತ ಡ್ಯಾಶ್‌ನಲ್ಲಿ ಬರ್ತಾ ಇದೆ, ಸ್ಕ್ಯಾನರ್‌ನಲ್ಲಿ ಪಿ0ಎ80 ಕೋಡ್ (ಹೈಬ್ರಿಡ್ ಬ್ಯಾಟರಿ ಹದಗೆಟ್ಟಿದೆ ಅನ್ನುವ ಎಚ್ಚರಿಕೆ) ಸಿಕ್ಕಿದೆ, ಹೊಸ ಬ್ಯಾಟರಿ ಪ್ಯಾಕಿನ ಬೆಲೆ ಕೇಳಿ ಗಾಬರಿಯಾಗಿದೆ, ವಿಡಿಯೋ ನೋಡಿ ಮನೆಯಲ್ಲೇ ರೀಕಂಡೀಷನ್, ಅಂದರೆ ಹಳೆ ಬ್ಯಾಟರಿಗೆ ಮತ್ತೆ ಜೀವ ತುಂಬುವುದು, ಮಾಡಬಹುದಾ ಅಂತ ನಮ್ಮ ಹೈಬ್ರಿಡ್ ಕಾರ್ ಗುಂಪಿನಲ್ಲಿ ಕೇಳಿದ್ದೀರಿ. ಮಾಡಬಹುದು. ಆದರೆ ಕೆಲಸ ಶುರುವಾಗಬೇಕಾದ್ದು ಚಾರ್ಜರ್‌ನಿಂದ ಅಲ್ಲ, ಅಳತೆಯಿಂದ. ಅಳತೆ ಮಾಡದೆ ಬಿಚ್ಚಿದ ಪ್ಯಾಕ್ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕೋಡ್ ತೋರಿಸುತ್ತದೆ.

ಮೊದಲು ನಿಮ್ಮ ಪ್ಯಾಕ್ ಏನು ಅಂತ ತಿಳಿದುಕೊಳ್ಳಿ. 2013ರಿಂದ ಬಿಡದಿಯಲ್ಲಿ ಜೋಡಿಸಿದ ಈ ಕ್ಯಾಮ್ರಿಯಲ್ಲಿ ಇರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಅದರೊಳಗೆ 34 ಮಾಡ್ಯೂಲ್ (ಸಣ್ಣ ಬ್ಯಾಟರಿ ಪೆಟ್ಟಿಗೆ), ಒಂದೊಂದರಲ್ಲಿ 1.2 ವೋಲ್ಟಿನ 6 ಸೆಲ್. ಅಂದರೆ ಮಾಡ್ಯೂಲಿಗೆ 7.2 ವೋಲ್ಟ್, ಒಟ್ಟು 244.8 ವೋಲ್ಟ್. ಸಾಮರ್ಥ್ಯ 6.5 ಆಂಪಿಯರ್ ಅವರ್. ಕಾರಿನ ಕಂಪ್ಯೂಟರ್ ಎರಡೆರಡು ಮಾಡ್ಯೂಲ್ ಸೇರಿಸಿ 17 ಬ್ಲಾಕ್‌ಗಳಾಗಿ ನೋಡುತ್ತದೆ. ಒಂದು ಬ್ಲಾಕ್ ಉಳಿದವುಗಳಿಗಿಂತ ಜಾಸ್ತಿ ಕುಸಿದರೆ ಪಿ0ಎ80 ಹಾಕುತ್ತದೆ. ಹಾಗಾಗಿ ಆ ಕೋಡ್ ಬಂತು ಅಂದರೆ 34 ಮಾಡ್ಯೂಲೂ ಹೋಯಿತು ಅಂತ ಅಲ್ಲ.

ಕಾರಿನ ಕಂಪ್ಯೂಟರ್ ಓದಲು ಸಿಕ್ಕಿಸುವ ಒಂದು ಓಬಿಡಿ ಬ್ಲೂಟೂತ್ ಅಡಾಪ್ಟರ್ ತಗೊಂಡು ಫೋನಿನಲ್ಲಿ ಡಾಕ್ಟರ್ ಪ್ರಿಯಸ್ ಅಥವಾ ಹೈಬ್ರಿಡ್ ಅಸಿಸ್ಟೆಂಟ್ ಆ್ಯಪ್ ಹಾಕಿ. ಪಕ್ಕದಲ್ಲಿ ಯಾರಾದರೂ ಫೋನ್ ನೋಡುತ್ತಿರಲಿ, ನೀವು ಓಡಿಸಿ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಯಾವ ಬ್ಲಾಕ್ ಕುಸಿಯುತ್ತದೆ, ಬ್ರೇಕ್ ಹಿಡಿದಾಗ ಯಾವುದು ಎಲ್ಲಕ್ಕಿಂತ ಮೇಲೆ ಹಾರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಎರಡೂ ಕಡೆ ಅದೇ ಬ್ಲಾಕ್ ಬಂದರೆ ಕಾಯಿಲೆ ಅಲ್ಲೇ ಇದೆ.

ಇನ್ನೊಂದು, ಫ್ಯಾನ್. ಪ್ಯಾಕ್ ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಅದು ತಂಪಾಗುವುದು ಕಾರಿನ ಒಳಗಿನ ಗಾಳಿಯಿಂದ. ನಮ್ಮ ಧೂಳಿಗೆ ಆ ಫ್ಯಾನಿನ ರೆಕ್ಕೆ ಪೂರ್ತಿ ಮೆತ್ತಿಕೊಂಡಿರುತ್ತದೆ. ನಡುವಿನ ಮಾಡ್ಯೂಲ್‌ಗಳಿಗೆ ಬಿಸಿ ಜಾಸ್ತಿ, ಸಾಮಾನ್ಯವಾಗಿ ಮೊದಲು ಸಾಯುವುದೂ ಅವೇ. ಫ್ಯಾನ್ ತೊಳೆಯದೆ ಬ್ಯಾಟರಿ ಮಾತ್ರ ಸರಿ ಮಾಡಿದರೆ ಶ್ರಮ ಪೂರ್ತಿ ದಂಡ, ಕಲಬುರಗಿ ರಾಯಚೂರಿನ ಬಿಸಿಲಲ್ಲಂತೂ ಕೇಳುವುದೇ ಬೇಡ.

ಈಗ ಸುರಕ್ಷತೆ. ದಯವಿಟ್ಟು ಇದನ್ನು ಹಾರಿಸಿ ಓದಬೇಡಿ. ಇದು 12 ವೋಲ್ಟಿನ ಬ್ಯಾಟರಿ ಅಲ್ಲ, ಕೈ ತಗುಲಿದರೆ ಜೀವ ಹೋಗುತ್ತದೆ. ಕಾರ್ ಆಫ್ ಮಾಡಿ, ಕೀ ದೂರ ಇಡಿ, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಮೇಲೆ 1000 ವೋಲ್ಟಿನ ರಬ್ಬರ್ ಗ್ಲೌಸ್ ಹಾಕಿ ಪ್ಯಾಕಿನ ಕರೆಂಟ್ ದಾರಿ ಕಡಿಯುವ ಕಿತ್ತಳೆ ಬಣ್ಣದ ಸರ್ವಿಸ್ ಪ್ಲಗ್ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಗ್ಲೌಸ್ ಹಾಕುವ ಮುಂಚೆಯೇ ಅದರ ಒಳಗೆ ಗಾಳಿ ತುಂಬಿ ಒತ್ತಿ, ಎಲ್ಲಾದರೂ ತೂತಿದ್ದರೆ ಅದನ್ನು ಬಿಸಾಕಿ. ಪ್ಲಗ್ ತೆಗೆದ ಮೇಲೆ ಇನ್ವರ್ಟರ್ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಖಾಲಿಯಾಗಲು 10 ನಿಮಿಷ ಬಿಡಿ, ಮೀಟರ್ ಹಿಡಿದು ಸೊನ್ನೆ ಬಂದಿದೆಯಾ ನೋಡಿ. ಉಂಗುರ, ವಾಚ್, ಕೊರಳ ಸರ ಎಲ್ಲಾ ಶುರು ಮಾಡುವ ಮುಂಚೆಯೇ ತೆಗೆದಿಡಿ. ಪ್ಲಗ್ ತೆಗೆದ ಮೇಲೂ ಪ್ಯಾಕಿನೊಳಗಿನ ಸಾಲುಗಳಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಇದ್ದೇ ಇರುತ್ತದೆ. ಬಸ್‌ಬಾರ್‌ಗಳನ್ನು (ಮಾಡ್ಯೂಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಲೋಹದ ಪಟ್ಟಿಗಳು) ಒಂದೊಂದಾಗಿ ಬಿಚ್ಚಿ ಮುಗಿಯುವವರೆಗೆ ಗ್ಲೌಸ್ ತೆಗೆಯಬೇಡಿ. ಒಬ್ಬರೇ ಮಾಡಬೇಡಿ, ಮಕ್ಕಳು ಓಡಾಡುವ ಜಾಗದಲ್ಲಿ ಮಾಡಲೇಬೇಡಿ. ಬಸ್‌ಬಾರ್ ಎಲ್ಲಾ ಬಂದ ಮೇಲೆ ಪ್ರತಿ ಮಾಡ್ಯೂಲ್ ಬರೀ ಏಳೆಂಟು ವೋಲ್ಟ್, ಆಗ ಉಸಿರಾಡಬಹುದು.

ಬಸ್‌ಬಾರ್ ತೆಗೆಯುವಾಗಲೇ ಅದರ ಬಣ್ಣ ನೋಡಿ. ಹಸಿರು ಕಟ್ಟಿದೆಯಾ? ಕರಾವಳಿ ಕಡೆಯ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ವೋಲ್ಟೇಜ್ ಅಳೆಯುವ ಸಣ್ಣ ವೈರಿನ ತುದಿಯಲ್ಲಿ ತುಕ್ಕು ಇದ್ದರೆ ಮಾಡ್ಯೂಲ್ ಚೆನ್ನಾಗಿದ್ದರೂ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ಬಸ್‌ಬಾರ್‌ಗಳನ್ನು ವಿನೆಗರ್‌ನಲ್ಲಿ ನೆನೆಸಿ, ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ.

ಎಲ್ಲಾ ಮಾಡ್ಯೂಲಿಗೂ ಮಾರ್ಕರ್‌ನಲ್ಲಿ 1ರಿಂದ 34 ನಂಬರ್ ಹಾಕಿ, ವೋಲ್ಟೇಜ್ ಬರೆಯಿರಿ. ಉಳಿದವು 7.8ರ ಹತ್ತಿರ ಇದ್ದು ಒಂದು ಮಾತ್ರ 6.6 ತೋರಿಸಿದರೆ ಅದರೊಳಗೆ ಒಂದು ಸೆಲ್ ಸತ್ತಿದೆ ಅಂತ ಅರ್ಥ. ಅದಕ್ಕೆ ಎಷ್ಟು ಸಲ ಚಾರ್ಜ್ ಮಾಡಿದರೂ ಜೀವ ಬರುವುದಿಲ್ಲ, ಪಕ್ಕಕ್ಕೆ ಇಡಿ. ಉಬ್ಬಿದ್ದು, ಒಸರಿದ್ದು ಕೂಡ ಹಾಗೇ. ಒಸರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮ ಸುಡುತ್ತದೆ. ಮೈಗೆ ಅಥವಾ ಕಣ್ಣಿಗೆ ಬಿದ್ದರೆ ಬರೀ ನೀರಲ್ಲಿ ತುಂಬಾ ಹೊತ್ತು ತೊಳೆದು ಡಾಕ್ಟರ ಹತ್ತಿರ ಹೋಗಿ.

ರೀಕಂಡೀಷನ್ ಅಂದರೆ ಏನು ಅಂತ ಇಲ್ಲಿ ಹೇಳಿಬಿಡುತ್ತೇನೆ. ಕಾರು ಈ ಬ್ಯಾಟರಿಯನ್ನು ಯಾವತ್ತೂ ಪೂರ್ತಿ ಖಾಲಿ ಮಾಡುವುದಿಲ್ಲ, ಪೂರ್ತಿ ತುಂಬುವುದೂ ಇಲ್ಲ, ಸುಮಾರು 40ರಿಂದ 80 ಪರ್ಸೆಂಟ್ ಒಳಗೇ ಆಡಿಸುತ್ತದೆ. ವರ್ಷಗಟ್ಟಲೆ ಹೀಗೆ ಆದಾಗ ಸೆಲ್‌ಗಳು ಒಂದಕ್ಕೊಂದು ಹೆಚ್ಚುಕಡಿಮೆ ಆಗುತ್ತವೆ, ಕಳೆದುಹೋದ ಸಾಮರ್ಥ್ಯದಲ್ಲಿ ಸ್ವಲ್ಪ ಭಾಗ ಸುಮ್ನೆ ಮಲಗಿರುತ್ತದೆ. ಪೂರ್ತಿ ತುಂಬಿ, ಪೂರ್ತಿ ಇಳಿಸಿದರೆ ಆ ಮಲಗಿದ ಭಾಗ ಏಳುತ್ತದೆ. ಸವೆದುಹೋದದ್ದು ಏಳುವುದಿಲ್ಲ.

ಮಾಡುವ ರೀತಿ ಹೀಗೆ. ಹಾಬಿ ಚಾರ್ಜರ್‌ನಲ್ಲಿ (ರಿಮೋಟ್ ಆಟಿಕೆ ಕಾರು, ವಿಮಾನಗಳ ಬ್ಯಾಟರಿಗೆ ಬಳಸುವಂಥದ್ದು) ನಿಕಲ್ ಮೆಟಲ್ ಹೈಡ್ರೈಡ್, 6 ಸೆಲ್ ಅಂತ ಇಟ್ಟು 3 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿ, ಆಮೇಲೆ 6 ವೋಲ್ಟಿನವರೆಗೆ ಇಳಿಸಿ, ಎಷ್ಟು ಮಿಲಿಆಂಪಿಯರ್ ಅವರ್ ಬಂತು ಅಂತ ಬರೆಯಿರಿ. ಇದನ್ನು ಮೂರು ಸಲ ಮಾಡಿ. ಮಾಡ್ಯೂಲ್‌ಗಳನ್ನು ಬಿಡಿಬಿಡಿಯಾಗಿ ಟೇಬಲ್ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಎರಡೂ ಕಡೆ ಹಲಗೆ ಕೊಟ್ಟು ಕ್ಲ್ಯಾಂಪ್ ಬಿಗಿಯಲೇಬೇಕು, ಇಲ್ಲದಿದ್ದರೆ ಉಬ್ಬುತ್ತವೆ, ಉಬ್ಬಿದ್ದು ಮತ್ತೆ ಫ್ರೇಮಿಗೆ ಕೂರುವುದಿಲ್ಲ. ಗಾಳಿ ಆಡುವ ಜಾಗ ಇರಲಿ, ಫ್ಯಾನ್ ಹಾಕಿ, ಬೀಡಿ ಸಿಗರೇಟ್ ಹತ್ತಿರ ಬೇಡ, ಜಾಸ್ತಿ ಚಾರ್ಜ್ ಆದರೆ ಹೈಡ್ರೋಜನ್ ಬರುತ್ತದೆ. ಮುಟ್ಟಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ. ಚಾರ್ಜ್ ಹಾಕಿ ಮಲಗುವ ಅಭ್ಯಾಸ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಸಮಯದ ಲೆಕ್ಕವನ್ನು ವಿಡಿಯೋದವರು ಹೇಳುವುದು ಕಡಿಮೆ. ಅಗ್ಗದ ಹಾಬಿ ಚಾರ್ಜರ್ 50 ವಾಟ್‌ನಲ್ಲಿ ಚಾರ್ಜ್ ಮಾಡಿದರೂ ಇಳಿಸುವುದು ಬರೀ 5 ವಾಟ್‌ನಲ್ಲಿ. ಒಂದು ಮಾಡ್ಯೂಲಿನಲ್ಲಿ ಸುಮಾರು 47 ವಾಟ್ ಅವರ್ ಇರುವುದರಿಂದ ಒಂದು ಸಲ ಇಳಿಸಲು 9 ಗಂಟೆ ಬೇಕು. 34 ಮಾಡ್ಯೂಲ್, ಮೂರು ಸಲ, ಒಂದೇ ಚಾರ್ಜರ್ ಅಂದರೆ ಹಗಲು ರಾತ್ರಿ ಓಡಿಸಿದರೂ ಒಂದು ತಿಂಗಳ ಮೇಲೆ. ನಾಲ್ಕು ಚಾನೆಲ್‌ನದ್ದು ತಗೊಳ್ಳಿ, ಅಥವಾ 12 ವೋಲ್ಟಿನ 55 ವಾಟ್ ಹೆಡ್‌ಲೈಟ್ ಬಲ್ಬ್ ಹಾಕಿ ಕಣ್ಣಮುಂದೆಯೇ ಮೀಟರ್ ಇಟ್ಟು ಇಳಿಸಿ. ಅದೇ ಬಲ್ಬನ್ನು ಎರಡು ನಿಮಿಷ ಹಾಕಿ ವೋಲ್ಟೇಜ್ ಎಷ್ಟು ಕುಸಿಯಿತು ಅಂತ ನೋಡುವುದು ಒಳ್ಳೆಯ ಲೋಡ್ ಟೆಸ್ಟ್ ಕೂಡ.

ಎಲ್ಲರೂ ಬಿಡುವ ಹೆಜ್ಜೆ ಇದು: ಚಾರ್ಜ್ ಆದ ಮೇಲೆ ಎರಡು ವಾರ ಸುಮ್ನೆ ಬಿಟ್ಟು ಮತ್ತೆ ಅಳೆಯಿರಿ. ಸಾಮರ್ಥ್ಯ 5500 ಮಿಲಿಆಂಪಿಯರ್ ಅವರ್ ತೋರಿಸಿದ ಮಾಡ್ಯೂಲೇ ಆ ಎರಡು ವಾರದಲ್ಲಿ ಉಳಿದವುಗಳಿಗಿಂತ ಜಾಸ್ತಿ ಇಳಿದಿರಬಹುದು. ಅಂಥದ್ದನ್ನು ನಾನು ಪ್ಯಾಕಿಗೆ ಹಾಕುವುದೇ ಇಲ್ಲ. 3500ಕ್ಕಿಂತ ಕಡಿಮೆ ಬಂದದ್ದನ್ನೂ ಹಾಕುವುದಿಲ್ಲ.

ಗುಂಪಿನಲ್ಲಿ ಒಬ್ಬರು "ಕೆಟ್ಟದ್ದೊಂದನ್ನು ತೆಗೆದು ಹೊಸದು ಹಾಕಿ, ಸಾಕು" ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಎಲ್ಲಾ ಮಾಡ್ಯೂಲ್ ಒಂದೇ ಸಾಲಿನಲ್ಲಿ ಇರುವುದರಿಂದ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಎಳೆ ಹೋರಿಗೂ ಮುದಿ ಎತ್ತಿಗೂ ಒಂದೇ ನೊಗ ಕಟ್ಟಿದ ಹಾಗೆ ಆಗುತ್ತದೆ. ದುರ್ಬಲವಾದದ್ದು ಮೊದಲು ಖಾಲಿ, ಮೊದಲು ಭರ್ತಿ, ಮೊದಲು ಬಿಸಿ. ಹಾಗಾಗಿ ಬದಲಿಗೆ ಹಾಕುವ ಮಾಡ್ಯೂಲ್ ಅತಿ ಒಳ್ಳೆಯದಾಗಿರಬೇಕಿಲ್ಲ, ಉಳಿದವುಗಳಿಗೆ ಹೊಂದಬೇಕು. ಬರೆದಿಟ್ಟ ಲೆಕ್ಕ ನೋಡಿ ಹತ್ತಿರ ಹತ್ತಿರದ ಎರಡನ್ನು ಒಂದು ಬ್ಲಾಕಿಗೆ ಹಾಕಿ. ಜೋಡಿಸುವ ಮುಂಚೆ ವೋಲ್ಟೇಜ್ ಹತ್ತಿರ ಬಂದ ಮಾಡ್ಯೂಲ್‌ಗಳನ್ನು ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಒಂದು ರಾತ್ರಿ ಬಿಡಿ, ಎಲ್ಲಾ ಒಂದೇ ಮಟ್ಟಕ್ಕೆ ಬರುತ್ತವೆ. ವಾಪಸ್ ಜೋಡಿಸುವಾಗ ಮಾಡ್ಯೂಲ್‌ಗಳು ಒಂದು ಬಿಟ್ಟು ಒಂದು ತಿರುಗಿರಬೇಕು, ಬಿಚ್ಚುವ ಮುಂಚೆಯೇ ಫೋಟೋ ತೆಗೆದಿಡಿ. ನಟ್ ಬಿಗಿಯಲು ಟಾರ್ಕ್ ರೆಂಚ್ ಬೇಕು, 5.4 ನ್ಯೂಟನ್ ಮೀಟರ್ ಅಷ್ಟೇ. ಕೈ ಅಂದಾಜಿಗೆ ತಿರುವಿದರೆ ಟರ್ಮಿನಲ್ ಮುರಿಯುತ್ತದೆ.

ಗುಂಪಿನ ಉಳಿದವರಿಗೆ ಒಂದು ಮಾತು. ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಹೋಂಡಾ ಸಿಟಿ ಹೈಬ್ರಿಡ್ ಇವೆಲ್ಲ ಲಿಥಿಯಂ ಬ್ಯಾಟರಿಯವು. ಮೇಲೆ ಹೇಳಿದ ಚಾರ್ಜ್ ಡಿಸ್ಚಾರ್ಜ್ ಅವುಗಳಿಗೆ ಮಾಡಿದರೆ ಬೆಂಕಿ ಹತ್ತಬಹುದು. ಇನ್ನೋವಾ ಹೈಕ್ರಾಸ್ ಹೈಬ್ರಿಡ್ ನಿಕಲ್ ಬ್ಯಾಟರಿಯದ್ದೇ, ಆದರೆ ಅದಕ್ಕೆ 8 ವರ್ಷದ ವಾರಂಟಿ ಇದೆ, ಮುಟ್ಟಬೇಡಿ.

ಎಷ್ಟು ದಿನ ಬಾಳುತ್ತದೆ? ಚೆನ್ನಾಗಿ ಹೊಂದಿಸಿದರೆ ಒಂದೆರಡು ವರ್ಷ ಸಿಗಬಹುದು, ಕೆಲವು ತಿಂಗಳಲ್ಲೇ ಇನ್ನೊಂದು ಮಾಡ್ಯೂಲ್ ಹೋಗಲೂಬಹುದು. ದಿನಾ ಘಾಟಿ ಹತ್ತಿಸುವವರು, ಮನೆಯವರನ್ನೆಲ್ಲ ಕೂರಿಸಿಕೊಂಡು ದೂರ ಹೋಗುವವರು ಹೊಸ ಪ್ಯಾಕಿಗೆ ಹೋಗುವುದೇ ಸರಿ ಅಂತ ನನ್ನ ಅಭಿಪ್ರಾಯ. ಲೆಕ್ಕ ಹಾಕಿದಾಗ ಏಳೆಂಟು ಮಾಡ್ಯೂಲ್ ಕೆಟ್ಟದ್ದು ಅಂತ ಬಂದರೆ ಕೂಡ ಹಾಗೇ. ಮಾಡಿದ ಮೇಲೆ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ವಾರಕ್ಕೊಮ್ಮೆಯಾದರೂ ಓಡಿಸಿ. ಸತ್ತ ಮಾಡ್ಯೂಲ್‌ಗಳನ್ನು ಗುಜರಿಗೆ ಹಾಕದೆ ಅನುಮತಿ ಇರುವ ರೀಸೈಕ್ಲಿಂಗ್ ಕೇಂದ್ರಕ್ಕೇ ಕೊಡಿ.

ಈಗ ಸದ್ಯಕ್ಕೆ ಏನೂ ಬಿಚ್ಚಬೇಡಿ. ಫ್ಯಾನ್ ಫೋಟೋ ಮತ್ತು ಓಡಿಸುವಾಗ ಸಿಕ್ಕ 17 ಬ್ಲಾಕ್‌ಗಳ ವೋಲ್ಟೇಜ್ ಇಲ್ಲಿ ಹಾಕಿ. ನೋಡಿ ಯಾವ ಬ್ಲಾಕ್, ಬಿಚ್ಚುವ ಅಗತ್ಯ ಇದೆಯಾ ಅಂತ ಹೇಳುತ್ತೇನೆ.