ಎಣಿಸಿದ್ದೀರಿ, ಇನ್ನು ಕೇಳಿಸಿಕೊಳ್ಳಿ

ನಮಸ್ಕಾರ.

ಇಂಗ್ಲಿಷ್ ಕವಿ ಟೆನಿಸನ್ ಬ್ರಿಟಿಷ್ ಕುದುರೆ ಪಡೆಯ ದಾಳಿಯ ಮೇಲೆ ಬರೆದ ‘ದ ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ ಕವನದ ಛಂದಸ್ಸು, ಪ್ರಾಸ, ಪುನರಾವರ್ತನೆ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಕವನ ಶುರುವಾಗುವ ‘ಹಾಫ್ ಅ ಲೀಗ್’ (ಅರ್ಧ ಹರದಾರಿ) ಎಂಬುದಕ್ಕೆ ನೀವು ಗುರು, ಲಘು, ಗುರು ಎಂದು ಪ್ರಸ್ತಾರ ಹಾಕಿ, ಐದು ಮಾತ್ರೆಯ ಗಣ ಎಂದಿದ್ದೀರಿ. ನಮ್ಮ ಲೆಕ್ಕಕ್ಕೆ ಸರಿ. ಆದರೆ ಇಂಗ್ಲಿಷ್ ಪದ್ಯ ನಡೆಯುವುದು ಮಾತ್ರೆಯ ಮೇಲಲ್ಲ, ಒತ್ತಿನ ಮೇಲೆ. ಇಲ್ಲಿ ಒತ್ತು ಬೀಳುವುದು ‘ಹಾಫ್’ ಮೇಲೆ. ‘ಲೀಗ್’ ದೀರ್ಘವಾಗಿದ್ದರೂ ಹಗುರವಾಗಿ ಸಾಗಿಬಿಡುತ್ತದೆ. ಒಂದು ಭಾರ, ಎರಡು ಹಗುರ. ಇಂಗ್ಲಿಷಿನಲ್ಲಿ ಡ್ಯಾಕ್ಟೈಲ್ ಎನ್ನುವ ಗಣ ಅದೇ. ಮೇಜು ತಟ್ಟುತ್ತಾ ಗಟ್ಟಿಯಾಗಿ ಓದಿ, ಗೊರಸಿನ ಸದ್ದು ಕೇಳುತ್ತದೆ. ‘ಕುದುರೆ ಓಟದ ಲಯ’ ಎಂದು ನೀವೂ ಬರೆದಿದ್ದೀರಿ, ಆದರೆ ಅಲ್ಲಿಗೇ ಬಿಟ್ಟಿದ್ದೀರಿ. ಅಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಓಟ ಎಲ್ಲಿ ತಡೆಯುತ್ತದೆ? ‘ರೋಡ್ ದ ಸಿಕ್ಸ್ ಹಂಡ್ರೆಡ್’ (ಆರುನೂರು ಮಂದಿ ಕುದುರೆ ಏರಿ ಹೋದರು) ಸಾಲಿನ ಕೊನೆಗೆ ಒಂದು ಹಗುರ ಅಕ್ಷರ ಕಡಿಮೆ. ಕಡಿವಾಣ ಎಳೆದ ಹಾಗೆ. ಅದನ್ನು ಬರೆಯಿರಿ.

ಪ್ರಾಸದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ‘ಹಂಡ್ರೆಡ್’ಗೆ ‘ಬ್ಲಂಡರ್ಡ್’ ಜೋಡಿ ಎಂದು ಸುಮ್ನೆ ಪಟ್ಟಿ ಮಾಡಿದ್ದೀರಿ. ‘ಬ್ಲಂಡರ್ಡ್’ ಅಂದರೆ ಎಡವಟ್ಟು ಮಾಡಿದರು ಅಂತ. 1854ರಲ್ಲಿ ಕ್ರಿಮಿಯಾದ ಬಾಲಕ್ಲಾವಾ ಕದನದಲ್ಲಿ ಆದದ್ದೂ ಅದೇ. ಗೊಂದಲದ ಒಂದು ಆದೇಶದಿಂದ ಬ್ರಿಟಿಷ್ ಸವಾರರು ರಷ್ಯನ್ ಫಿರಂಗಿಗಳ ಎದುರಿಗೇ ನುಗ್ಗಿದರು. ಯಾರದೋ ತಪ್ಪನ್ನು ಕವಿ ಸೈನಿಕರ ಲೆಕ್ಕಕ್ಕೇ ಪ್ರಾಸ ಹಾಕಿ ಕಟ್ಟಿದ್ದಾನೆ, ಅಲ್ವಾ?

ನನಗೆ ಬೇಸರವಾದದ್ದು ಪುನರಾವರ್ತನೆಯ ಭಾಗ ಓದಿದಾಗ. ‘ಒಂದೇ ಸಾಲನ್ನು ಮತ್ತೆ ಮತ್ತೆ ಬಳಸಿ ಪರಿಣಾಮ ಹೆಚ್ಚಿಸಿದ್ದಾನೆ’ ಎಂದಿದ್ದೀರಿ. ಅದು ಒಂದೇ ಸಾಲಲ್ಲ. ಮೂರನೆಯ ನುಡಿಯಲ್ಲಿ ಫಿರಂಗಿ ಬಲಕ್ಕೆ, ಎಡಕ್ಕೆ, ಎದುರಿಗೆ. ಐದನೆಯದರಲ್ಲಿ ಬಲಕ್ಕೆ, ಎಡಕ್ಕೆ, ಹಿಂದೆ. ಬದಲಾದದ್ದು ಒಂದೇ ದಿಕ್ಕು. ಅಷ್ಟರಲ್ಲೇ ಉಳಿದವರು ವಾಪಸ್ ಬರುತ್ತಿದ್ದಾರೆ ಎಂದು ತಿಳಿಯುತ್ತದೆ. ಪ್ರತಿ ನುಡಿಯ ಕೊನೆಯ ಸಾಲೂ ಹೀಗೆಯೇ. ಮೊದಲ ಮೂರು ನುಡಿ ಮುಗಿಯುವುದು ಆರುನೂರು ಮಂದಿ ಹೋದರು ಎಂದು. ನಾಲ್ಕನೆಯದರಲ್ಲಿ ಮರಳಿ ಬಂದರು, ಆದರೆ ಆರುನೂರು ಮಂದಿ ಅಲ್ಲ. ಆ ‘ನಾಟ್’ ಒಂದು ಸಾಲಿನ ಕೊನೆಗೂ ಇದೆ, ಮುಂದಿನ ಸಾಲಿನ ಮೊದಲಿಗೂ ಇದೆ. ಓದುವಾಗ ನನ್ನ ನಾಲಿಗೆ ಪ್ರತಿ ಸಲ ಅಲ್ಲಿ ತಡವರಿಸುತ್ತದೆ.

ಲೇಖನವನ್ನು ಅಲ್ಲಿಂದಲೇ ಶುರು ಮಾಡಿ. ಛಂದಸ್ಸು ಅಂದರೇನು ಎಂದು ವಿವರಿಸಿದ ಮೊದಲ ಎರಡು ಪುಟ ತೆಗೆದುಬಿಡಿ.