ಎರಡು ಟೆನರ್ ಸ್ಯಾಕ್ಸೊಫೋನ್‌ಗಳಲ್ಲಿ ಯಾವುದು?

ಪ್ರಶ್ನೆ: ತೀರ್ಥಹಳ್ಳಿಯ ಮದುವೆ ವಾದ್ಯತಂಡದಲ್ಲಿ ನುಡಿಸುವ ನಾನು ಯಮಹಾ ವೈಟಿಎಸ್-62 ಕೊಳ್ಳಲೇ, ಯಾನಾಗಿಸಾವಾ ಟಿ-ಡಬ್ಲ್ಯೂಓ2 ಕೊಳ್ಳಲೇ?

ಉತ್ತರ: ಎರಡೂ ವೃತ್ತಿಪರರು ನೆಚ್ಚುವ ಜಪಾನೀ ವಾದ್ಯಗಳು; ಮೊದಲನೆಯದರ ಮೈ ಹಿತ್ತಾಳೆಯದು, ಎರಡನೆಯದರದು ಕಂಚಿನದು. ಕಂಚಿನ ನಾದ ಗಾಢವೆಂದು ಹಲವು ವಾದಕರು ಹೇಳುವುದುಂಟು, ಆದರೆ ನನ್ನ ಅಭಿಪ್ರಾಯದಲ್ಲಿ ಲೋಹಕ್ಕಿಂತ ಮೌತ್‌ಪೀಸ್ (ಬಾಯಿಗಿಟ್ಟು ಊದುವ ತುದಿ), ರೀಡ್ (ಅದಕ್ಕೆ ಕಟ್ಟಿದ, ಊದಿದಾಗ ಕಂಪಿಸುವ ತೆಳು ಪಟ್ಟಿ) ಮತ್ತು ತುಟಿಯ ಹಿಡಿತವೇ ನಾದವನ್ನು ಹೆಚ್ಚು ನಿರ್ಧರಿಸುತ್ತವೆ. ಆದ್ದರಿಂದ ನಿಮ್ಮದೇ ಮೌತ್‌ಪೀಸ್ ಕೊಂಡೊಯ್ದು, ಶ್ರುತಿಪೆಟ್ಟಿಗೆಯೊಂದಿಗೆ ಎರಡನ್ನೂ ನುಡಿಸಿ, ಅತಿ ಕೆಳಗಿನ ಬಿ-ಫ್ಲ್ಯಾಟ್ ಸ್ವರ ಮೆಲ್ಲಗೆ ಊದಿದಾಗಲೂ ತಡವರಿಸದೆ ಹೊರಡುವುದೇ ಎಂದು ಪರೀಕ್ಷಿಸಿ.

ಮಲೆನಾಡಿನಲ್ಲಿ ಇನ್ನೊಂದು ವಿಚಾರ ಬಹಳ ಮುಖ್ಯ: ಆಗುಂಬೆ ಸೀಮೆಯ ಮಳೆಗಾಲದಲ್ಲಿ ವಾದ್ಯದ ರಂಧ್ರಗಳನ್ನು ಮುಚ್ಚುವ ಚರ್ಮದ ಪ್ಯಾಡ್‌ಗಳು ತೇವ ಹೀರಿ ಅಂಟುತ್ತವೆ, ಉಕ್ಕಿನ ಸ್ಪ್ರಿಂಗ್‌ಗಳು ತುಕ್ಕು ಹಿಡಿಯುತ್ತವೆ. ನಾದದಲ್ಲಿ ಎರಡೂ ಸಮನೆನಿಸಿದರೆ, ಯಾವುದರ ಬಿಡಿಭಾಗಗಳೂ ದುರಸ್ತಿಗಾರರೂ ನಿಮಗೆ ಸುಲಭವಾಗಿ ಸಿಗುವರೋ ಆ ವಾದ್ಯವನ್ನೇ ಕೊಳ್ಳಿ. ನುಡಿಸಿದ ಬಳಿಕ ಒಳಭಾಗವನ್ನು ಬಟ್ಟೆಯಿಂದ ಒರೆಸದೆ ಪೆಟ್ಟಿಗೆಯಲ್ಲಿಡಬೇಡಿ.